ಯಾರು ಕೇಳಿದರೂ ಹೇಳುವ ಸಾಕ್ಷಿ

ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಸಿಕ್ಕಿಸಲು ಒಂದು ಲೋಹದ ಜಾಗ ಇರುತ್ತದೆ. ಫೋಟೊ ತೆಗೆಯುವವರು ಅದನ್ನು ಹಾಟ್ ಶೂ ಎನ್ನುತ್ತಾರೆ. ಗುಂಡಿ ಒತ್ತಿ ಶಟರ್ ತೆರೆದ ಕ್ಷಣ ಕ್ಯಾಮೆರಾ ಅಲ್ಲಿಂದ ಒಂದು ಸಣ್ಣ ವಿದ್ಯುತ್ ಸಂಕೇತ ಕೊಡುತ್ತದೆ, ಫ್ಲ್ಯಾಶ್ ಬೆಳಗುತ್ತದೆ. ಕೆಲವು ಜಿಪಿಎಸ್ ಸಾಧನಗಳನ್ನು ಇದೇ ಜಾಗದಲ್ಲಿ ಕೂರುವಂತೆ ಮಾಡಿದ್ದಾರೆ. ಅವಕ್ಕೆ ಬೆಳಕಿನ ಗೊಡವೆ ಇಲ್ಲ. ಫ್ಲ್ಯಾಶ್‌ಗೆಂದು ಹೊರಟ ಸಂಕೇತವನ್ನು ಹಿಡಿದುಕೊಂಡು, ಆ ಕ್ಷಣ ಉಪಗ್ರಹಗಳಿಂದ ಬರುತ್ತಿರುವ ಮಾಹಿತಿಯನ್ನು ಬರೆದಿಟ್ಟುಕೊಳ್ಳುತ್ತವೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಯಾವ ಚಿತ್ರವನ್ನು ಭೂಮಿಯ ಯಾವ ಬಿಂದುವಿನಲ್ಲಿ ನಿಂತು ತೆಗೆದದ್ದು ಎಂದು ಹೊಂದಿಸಿಕೊಡುತ್ತವೆ.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಸುತ್ತಮುತ್ತ, ಯಾವ ಪಟ್ಟಿಗೂ ಸೇರದ ವೀರಗಲ್ಲು, ಮಾಸ್ತಿಗಲ್ಲು, ಒಡೆದ ಗುಡಿಯ ತುಂಡುಗಳನ್ನು ದಾಖಲಿಸುವುದು ನನ್ನ ಪಿಎಚ್‌.ಡಿ. ಕೆಲಸದ ಒಂದು ಭಾಗ. ನನ್ನ ಬಳಿ ಇರುವುದು ಇಂಥದೇ ಒಂದು ಹಳೆಯ ಸಾಧನ. ಸೀನಿಯರ್ ಒಬ್ಬರು ಸಂಶೋಧನೆ ಮುಗಿಸಿ ಹೋಗುವಾಗ ಕೊಟ್ಟದ್ದು. ತೊಂದರೆ ಏನೆಂದರೆ ಕ್ಯಾಮೆರಾ ಹೊಸದು. ಈಗಿನ ಬಹಳಷ್ಟು ಕ್ಯಾಮೆರಾಗಳು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಿತ್ರ ತೆಗೆಯುವಾಗ ಫ್ಲ್ಯಾಶ್ ಸಂಕೇತವನ್ನು ಕಳಿಸುವುದೇ ಇಲ್ಲ. ಇನ್ನು ಕೆಲವು, ಮೇಲೆ ಕೂತಿರುವುದು ತಮಗೆ ಪರಿಚಯದ ಫ್ಲ್ಯಾಶ್ ಅಲ್ಲ ಎಂದು ಕಂಡರೆ ಸುಮ್ಮನಾಗುತ್ತವೆ. ಚಿತ್ರ ಬರುತ್ತದೆ, ಜಾಗ ಬರುವುದಿಲ್ಲ.

ಇದಕ್ಕೆ ದಾರಿಗಳಿವೆ. ಶಟರನ್ನು ಮೆಕ್ಯಾನಿಕಲ್‌ಗೆ ಬದಲಿಸಿ, ಫ್ಲ್ಯಾಶ್ ಕಡ್ಡಾಯ ಎಂಬ ಆಯ್ಕೆಗೆ ಒತ್ತಿದರೆ, ಮೇಲೆ ನಿಜವಾದ ಫ್ಲ್ಯಾಶ್ ಇದೆ ಎಂದು ಕ್ಯಾಮೆರಾ ನಂಬಿ ಸಂಕೇತ ಕೊಡುತ್ತದೆ. ಪಕ್ಕದಲ್ಲಿ ಫ್ಲ್ಯಾಶ್ ತಂತಿಯ ತೂತಿರುವ ಕ್ಯಾಮೆರಾ ಆದರೆ ಅಲ್ಲಿಂದ ತಂತಿ ಎಳೆಯಬಹುದು. ಇದಕ್ಕೆ ಬೆಲೆಯೂ ಇದೆ. ಫ್ಲ್ಯಾಶ್ ಇದೆ ಎಂದು ನಂಬಿದ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿನ 200ನೇ ಅಥವಾ 250ನೇ ಒಂದು ಭಾಗಕ್ಕಿಂತ ಚುರುಕಾಗಿ ಶಟರ್ ಬಿಡಲು ಒಪ್ಪುವುದಿಲ್ಲ. ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಹೊತ್ತು ಬೆಳಕು ಒಳಗೆ ಬಿಟ್ಟರೆ ಕಲ್ಲು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಲೆನ್ಸಿನ ಕಂಡಿಯನ್ನು ಕಿರಿದು ಮಾಡಿ ಸರಿದೂಗಿಸಬೇಕು.

ಇನ್ನೊಂದು ಬೆಲೆ ನನ್ನನ್ನು ಹೆಚ್ಚು ಕಾಡಿದ್ದು. ಚಿತ್ರದ ಜೊತೆ ಕ್ಯಾಮೆರಾ ಒಂದು ಗುಪ್ತ ಚೀಟಿ ಬರೆಯುತ್ತದೆ. ಅದಕ್ಕೆ ಎಕ್ಸಿಫ್ ಎಂದು ಹೆಸರು. ದಿನಾಂಕ, ಶಟರ್ ವೇಗ, ಲೆನ್ಸು ಎಲ್ಲ ಅದರಲ್ಲಿರುತ್ತವೆ. ನನ್ನ ಚಿತ್ರಗಳ ಚೀಟಿಯಲ್ಲಿ ಈಗ ಜಾಗ ಸರಿಯಾಗಿದೆ, ಆದರೆ ‘ಫ್ಲ್ಯಾಶ್ ಕಡ್ಡಾಯ’ ಎಂದೂ ಬರೆದಿದೆ. ಬೆಳಗಿದ್ದು ಸೂರ್ಯ ಮಾತ್ರ. ಶಾಸನ ಓದುವವರಿಗೆ ಇದು ಸಣ್ಣ ವಿಷಯವಲ್ಲ. ಸವೆದ ಅಕ್ಷರ ಕಾಣುವುದು ಓರೆ ಬೆಳಕಿನಲ್ಲಿ. ಬೆಳಕು ಯಾವ ಕಡೆಯಿಂದ ಬಂತು ಎಂಬುದರ ಮೇಲೆ ಒಂದು ಗೆರೆ ಅಕ್ಷರವೋ ಬಿರುಕೋ ಎಂಬ ತೀರ್ಮಾನ ನಿಂತಿರುತ್ತದೆ. ಜಾಗದ ಬಗ್ಗೆ ಒಂದು ಸತ್ಯ ಪಡೆಯಲು ಬೆಳಕಿನ ಬಗ್ಗೆ ಒಂದು ಸುಳ್ಳು ಬರೆಸಿದ್ದೇನೆ.

ಹಾಗಾದರೆ ಯಂತ್ರಕ್ಕೆ ಮೋಸ ಮಾಡುವುದು ಮೋಸವೇ?

ಮೊದಲ ಉತ್ತರ ಸುಲಭ. ಯಂತ್ರಕ್ಕೆ ನಂಬಿಕೆ ಇಲ್ಲ, ಆದ್ದರಿಂದ ನಂಬಿಕೆದ್ರೋಹವೂ ಇಲ್ಲ. ಮೋಸ ಆಗುವುದಿದ್ದರೆ ಆ ದಾಖಲೆಯನ್ನು ಮುಂದೆ ನಂಬಿ ನಡೆಯುವ ಮನುಷ್ಯರಿಗೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಮಾಡಿದ ಉಪಾಯವನ್ನು, ಈ ಚಿತ್ರವನ್ನು ನಂಬುವವರಿಗೆ ಹೇಳಿಬಿಡಬಲ್ಲೆನೇ? ಹೇಳಿದ ಮೇಲೂ ಚಿತ್ರಕ್ಕೆ ಬೆಲೆ ಉಳಿಯುತ್ತದೆಯೇ? ‘ಜಿಪಿಎಸ್ ಸಾಧನವನ್ನು ಎಬ್ಬಿಸಲು ಫ್ಲ್ಯಾಶ್ ಆಯ್ಕೆ ಬಳಸಲಾಗಿದೆ, ಬೆಳಕು ಬಿಸಿಲಿನದು’ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರೆ ನನ್ನ ಉಪಾಯದಿಂದ ಯಾರಿಗೂ ನಷ್ಟವಿಲ್ಲ. ಹೇಳಿದ ಕೂಡಲೇ ದಾಖಲೆ ಬಿದ್ದುಹೋಗುವಂಥ ಉಪಾಯವಾದರೆ ಅದು ಬೇರೆ ಜಾತಿಯದು.

ಕ್ಷೇತ್ರಕಾರ್ಯ ಮಾಡುವವರ ಇನ್ನೊಂದು ಉಪಾಯದಲ್ಲಿ ಇದು ಇನ್ನೂ ಸ್ಪಷ್ಟ. ಹಾಟ್ ಶೂ ಗೊಡವೆಯೇ ಬೇಡವೆಂದು ಅನೇಕರು ಜೇಬಿನಲ್ಲಿ ಫೋನನ್ನೋ ಚಿಕ್ಕ ಲಾಗರನ್ನೋ ಇಟ್ಟುಕೊಂಡು ದಿನವಿಡೀ ನಡೆದ ದಾರಿಯನ್ನು ದಾಖಲಿಸುತ್ತಾರೆ. ಸಂಜೆ ಚಿತ್ರದ ಸಮಯವನ್ನೂ ದಾರಿಯ ಸಮಯವನ್ನೂ ತಾಳೆ ಹಾಕುತ್ತಾರೆ. ಎಕ್ಸಿಫ್‌ಟೂಲ್‌ನಂಥ ಉಚಿತ ತಂತ್ರಾಂಶ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆದರೆ ಕ್ಯಾಮೆರಾದ ಗಡಿಯಾರ ನಾಲ್ಕು ನಿಮಿಷ ಹಿಂದಿದ್ದರೆ ಅಷ್ಟರಲ್ಲಿ ನಾನು ಮುನ್ನೂರು ಮೀಟರ್ ನಡೆದಿರುತ್ತೇನೆ. ಒಬ್ಬರ ಹೊಲದ ಕಲ್ಲು ಮತ್ತೊಬ್ಬರ ಹೊಲಕ್ಕೆ ಹೋಗಿ ನಿಲ್ಲುತ್ತದೆ. ಅದಕ್ಕೇ ಬೆಳಿಗ್ಗೆ ಮೊದಲ ಚಿತ್ರವಾಗಿ ಫೋನಿನ ಗಡಿಯಾರದ ಚಿತ್ರ ತೆಗೆದಿಡುವುದು ರೂಢಿ. ತಪ್ಪು ಎಷ್ಟಿತ್ತು ಎಂಬುದು ದಾಖಲೆಯೊಳಗೇ ಉಳಿಯುತ್ತದೆ, ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಬಹುದು.

ಎಕ್ಸಿಫ್ ರೂಪಿಸಿದವರು ಈ ಪ್ರಶ್ನೆಯನ್ನು ಮುಂಚೆಯೇ ಯೋಚಿಸಿದ್ದರು ಎನ್ನಿಸುತ್ತದೆ. ಅಕ್ಷಾಂಶ ರೇಖಾಂಶದ ಜೊತೆ ಅದರಲ್ಲಿ ಇನ್ನೊಂದು ಖಾನೆ ಇದೆ: ಈ ಜಾಗವನ್ನು ಹೇಗೆ ಕಂಡುಕೊಂಡದ್ದು ಎಂದು ಬರೆಯುವ ಖಾನೆ. ಉಪಗ್ರಹದಿಂದಲೋ, ಮೊಬೈಲ್ ಟವರ್‌ನಿಂದಲೋ, ವೈಫೈಯಿಂದಲೋ, ಕೈಯಿಂದಲೋ. ಮನೆಯಲ್ಲಿ ಕೂತು ನಕ್ಷೆಯ ಮೇಲೆ ಬೆರಳಿಟ್ಟು ಜಾಗ ತುಂಬಿದವರು ಅಲ್ಲಿ ‘ಕೈಯಿಂದ’ ಎಂದು ಬರೆಯಬಹುದು. ನಾನು ನೋಡಿದ ಹೆಚ್ಚಿನ ಚಿತ್ರಗಳಲ್ಲಿ ಆ ಖಾನೆ ಖಾಲಿ.

* * *

ಚಿತ್ರಕ್ಕೆ ಜಾಗದ ಗುರುತು ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಪಾಮನಕಲ್ಲೂರಿನಿಂದ ದೂರ ಹೋಗಬೇಕಿಲ್ಲ. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಒಂದು ಬರಹ ಕಂಡರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದನ್ನು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಈ ದೊರೆ ಅಶೋಕನೇ ಎಂದು ಹೆಸರು ಹೇಳಿದ್ದು ಮಸ್ಕಿಯ ಬಂಡೆ.

ಆ ಬಂಡೆಯ ವಿಳಾಸವನ್ನು ನೋಡಿ. 1915ರಲ್ಲಿ ಅದು ನಿಜಾಮರ ಹೈದರಾಬಾದ್ ಸಂಸ್ಥಾನದ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. 1948ರ ನಂತರ ಭಾರತದ ಹೈದರಾಬಾದ್ ರಾಜ್ಯದಲ್ಲಿ, 1956ರಲ್ಲಿ ಮೈಸೂರು ರಾಜ್ಯದಲ್ಲಿ, 1973ರಲ್ಲಿ ಕರ್ನಾಟಕದಲ್ಲಿ. ಈಗ ಮಸ್ಕಿಯೇ ತಾಲ್ಲೂಕು. ಸುತ್ತಲಿನ ಹಳ್ಳಿಗಳ ಹಳೆಯ ಕಾಗದಗಳಲ್ಲಿ ಸಿಂಧನೂರು, ಮಾನ್ವಿ, ಲಿಂಗಸುಗೂರು ಎಂದು ಬೇರೆ ಬೇರೆ ತಾಲ್ಲೂಕಿನ ಹೆಸರು ಬರುತ್ತವೆ. ಹಳೆಯ ವರದಿ ಹಿಡಿದು ಊರು ಹುಡುಕುವಾಗ ಇದರ ಕಷ್ಟ ಗೊತ್ತಾಗುತ್ತದೆ. ಇಷ್ಟೆಲ್ಲ ಆದರೂ ಬಂಡೆ ಒಂದಿಂಚು ಕದಲಿಲ್ಲ. ಅಕ್ಷಾಂಶ ರೇಖಾಂಶದ ಗುಣ ಅದು. ರಾಜ್ಯ, ತಾಲ್ಲೂಕು, ಹೆಸರು ಯಾವುದು ಬದಲಾದರೂ ಅದು ಹಾಗೇ ಇರುತ್ತದೆ.

ಬಂಡೆಗೆ ಜಾಗದ ಚೀಟಿ ಅಂಟಿಸಬೇಕಿಲ್ಲ. ಇರುವ ಜಾಗವೇ ಅದರ ಸಾಕ್ಷ್ಯದ ಅರ್ಧ ಭಾಗ. ಅಶೋಕನ ಮಾತು ಇಷ್ಟು ದಕ್ಷಿಣಕ್ಕೆ ಬಂದಿತ್ತು ಎಂಬ ಇತಿಹಾಸ ಬಂಡೆ ಅಲ್ಲಿಯೇ ಇರುವುದರಿಂದ ತಿಳಿಯುತ್ತದೆ. ತಾಮ್ರಪಟದ ಕತೆ ಬೇರೆ. ಅದನ್ನು ಗಂಟು ಕಟ್ಟಿಕೊಂಡು ಊರಿಂದೂರಿಗೆ ಒಯ್ಯಬಹುದು, ಬೇಕಾದಾಗ ತೆಗೆದು ತೋರಿಸಬಹುದು. ಆದ್ದರಿಂದಲೇ ಭೂಮಿ ಕೊಟ್ಟ ಪಟಗಳು ಮೂಡಲಿಗೆ ಇದು, ತೆಂಕಲಿಗೆ ಇದು ಎಂದು ಹಳ್ಳ, ಹುಣಸೆಮರ, ಹುತ್ತಗಳನ್ನು ಹೆಸರಿಸಿ ಎಲ್ಲೆ ಬರೆಯುತ್ತವೆ. ಕಳ್ಳ ಶಾಸನಗಳಿಗೂ ತಾಮ್ರವೇ ಒಗ್ಗಿತು. ಕೂಟಶಾಸನ ಎಂಬ ಮಾತೇ ನಮ್ಮಲ್ಲಿದೆ. ಗಂಗರ ಎಷ್ಟೋ ತಾಮ್ರಪಟಗಳು ನಂತರದವರು ಸೃಷ್ಟಿಸಿದ ನಕಲಿಗಳು ಎಂದು ಜೆ.ಎಫ್. ಫ್ಲೀಟ್ ವಾದಿಸಿದ್ದರು. ಬಿ.ಎಲ್. ರೈಸ್ ಅವರೊಂದಿಗೆ ಆ ವಿಷಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಫೋಟೊ ತಾಮ್ರಪಟದ ಜಾತಿಗೆ ಸೇರಿದ್ದು. ತೆಗೆದ ಮರುಕ್ಷಣದಿಂದ ಅದು ತನ್ನ ಜಾಗ ಬಿಟ್ಟು ಓಡಾಡತೊಡಗುತ್ತದೆ. ಜಿಪಿಎಸ್ ಎಂಬುದು ಅದಕ್ಕೆ ನಾವು ಬರೆಯುವ ನಾಲ್ಕು ಎಲ್ಲೆ. ಎಲ್ಲೆ ಬರೆದಷ್ಟಕ್ಕೆ ಪಟ ನಿಜವಾಗುವುದಿಲ್ಲ ಎಂಬುದನ್ನು ಫ್ಲೀಟ್ ಕಾಲದಿಂದಲೂ ಬಲ್ಲೆವು. ಈಗ ಅದನ್ನು ಹಳ್ಳಿಹಳ್ಳಿಯಲ್ಲಿ ಮತ್ತೆ ಕಲಿಯುತ್ತಿದ್ದೇವೆ.

* * *

ನಮ್ಮ ಕಡೆ ಈಗ ‘ಜಿಪಿಎಸ್ ಫೋಟೊ’ ಎಂಬುದು ಕಚೇರಿಯ ದಿನಬಳಕೆಯ ಮಾತು. ವಸತಿ ಯೋಜನೆಯ ಮನೆಗೆ ತಳಪಾಯದಿಂದ ಚಾವಣಿಯವರೆಗೆ ಹಂತಹಂತಕ್ಕೂ ಜಿಪಿಎಸ್ ಫೋಟೊ. ಶೌಚಾಲಯಕ್ಕೆ, ಕೃಷಿ ಹೊಂಡಕ್ಕೆ ಜಿಪಿಎಸ್ ಫೋಟೊ. ಬೆಳೆ ಸಮೀಕ್ಷೆಗೆ ರೈತರೇ ಹೊಲದಲ್ಲಿ ನಿಂತು ಆ್ಯಪ್‌ನಲ್ಲಿ ಬೆಳೆಯ ಚಿತ್ರ ತೆಗೆಯಬೇಕು. ಇದನ್ನು ಓದುವ ವಿದ್ಯಾರ್ಥಿಗಳಿಗೂ ಇದು ಹೊಸದಲ್ಲ. ನ್ಯಾಕ್ ಮೌಲ್ಯಮಾಪನದ ವರ್ಷ ಕಾಲೇಜಿನ ಗ್ರಂಥಾಲಯದಿಂದ ಕುಡಿಯುವ ನೀರಿನ ನಲ್ಲಿಯವರೆಗೆ ಎಲ್ಲದಕ್ಕೂ ಅಕ್ಷಾಂಶ ರೇಖಾಂಶದ ಪಟ್ಟಿ ಬೀಳುತ್ತದೆ. ವಿಚಾರ ಸಂಕಿರಣದಲ್ಲಿ ಯಾರು ಏನು ಮಾತಾಡಿದರು ಎಂಬುದಕ್ಕಿಂತ ಬ್ಯಾನರ್ ಕಾಣುವ ಜಿಪಿಎಸ್ ಫೋಟೊ ಸಿಕ್ಕಿತೇ ಎಂಬುದು ದೊಡ್ಡ ಚಿಂತೆಯಾಗುತ್ತದೆ.

ಇದು ಅತಿ ಹೆಚ್ಚು ಬಿಗಿಯಾಗಿ ಬಂದದ್ದು ಉದ್ಯೋಗ ಖಾತ್ರಿಯಲ್ಲಿ. 2021ರಲ್ಲಿ ಶುರುವಾದ ಎನ್‌ಎಂಎಂಎಸ್ ಎಂಬ ಆ್ಯಪ್, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟು ಉಳಿದ ಎಲ್ಲ ನರೇಗಾ ಕಾಮಗಾರಿಗೂ ಕಡ್ಡಾಯವಾಯಿತು. ದಿನಕ್ಕೆರಡು ಬಾರಿ, ಕೆಲಸದ ಜಾಗದಲ್ಲಿ ಕೂಲಿಕಾರರನ್ನು ನಿಲ್ಲಿಸಿ ಚಿತ್ರ ತೆಗೆಯಬೇಕಿತ್ತು. ನಮ್ಮಲ್ಲಿ ಈ ಕೆಲಸ ಮಾಡುತ್ತಿದ್ದವರು ಕಾಯಕ ಬಂಧುಗಳು, ಅವರಲ್ಲಿ ಮಹಿಳೆಯರೂ ಬಹಳ. ಚಿತ್ರ ಏರಿದರೆ ಹಾಜರಿ, ಹಾಜರಿ ಇದ್ದರೆ ಕೂಲಿ.

2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಈ ಆ್ಯಪ್‌ನ ದುರ್ಬಳಕೆಯನ್ನು ಪಟ್ಟಿ ಮಾಡಿ ರಾಜ್ಯಗಳಿಗೆ ಪತ್ರ ಬರೆಯಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು, ಹಾಜರಿಯ ಸಂಖ್ಯೆಗೂ ಚಿತ್ರದಲ್ಲಿನ ಜನರಿಗೂ ತಾಳೆಯಾಗದಿರುವುದು, ಒಬ್ಬರೇ ಹಲವು ಹಾಜರಿ ಪಟ್ಟಿಯಲ್ಲಿ ಕಾಣುವುದು. ಆ ಪಟ್ಟಿಯಲ್ಲಿ ನನ್ನ ಗಮನ ಹಿಡಿದದ್ದು ‘ಫೋಟೊದ ಫೋಟೊ’: ಮೊದಲೇ ತೆಗೆದ ಚಿತ್ರವೊಂದನ್ನು ಆ್ಯಪ್‌ನ ಮುಂದೆ ಹಿಡಿದು ಅದರ ಚಿತ್ರ ತೆಗೆಯುವುದು.

ಇದನ್ನು ನನ್ನ ಹಾಟ್ ಶೂ ಉಪಾಯದ ಪಕ್ಕದಲ್ಲಿಟ್ಟು ನೋಡಿ. ನಾನು ಯಂತ್ರಕ್ಕೆ ಸುಳ್ಳು ಹೇಳಿದೆ, ಬಂದ ಜಾಗ ನಿಜ. ಫೋಟೊದ ಫೋಟೊದಲ್ಲಿ ಯಂತ್ರಕ್ಕೆ ಯಾರೂ ಸುಳ್ಳು ಹೇಳಿಲ್ಲ. ಫೋನು ನಿಜಕ್ಕೂ ಅಲ್ಲಿಯೇ ಇದೆ, ಸಮಯವೂ ಸರಿ, ಚೀಟಿಯಲ್ಲಿ ತಪ್ಪಿಲ್ಲ. ಸುಳ್ಳಾಗಿರುವುದು ಚಿತ್ರ. ಜಿಪಿಎಸ್ ಹೇಳುವುದು ಯಂತ್ರ ಎಲ್ಲಿತ್ತು ಎಂದು ಮಾತ್ರ. ಅದರ ಮುಂದೆ ಏನಿತ್ತು, ಯಾರಿದ್ದರು, ಬೆವರು ಸುರಿಸಿದ್ದು ಯಾರು ಎಂದು ಅದು ಯಾವತ್ತೂ ಹೇಳಿಲ್ಲ. ನಾವು ಅದರ ಬಾಯಲ್ಲಿ ಆ ಮಾತು ಹಾಕಿದೆವು. ಕುರುಕ್ಷೇತ್ರದಲ್ಲಿ ಧರ್ಮರಾಯ ಅಶ್ವತ್ಥಾಮನ ಬಗ್ಗೆ ಆಡಿದ ಮಾತಿನಂತೆ, ಪದಪದವೂ ನಿಜ, ಕೇಳಿಸಿಕೊಂಡವನಿಗೆ ತಲುಪಿದ್ದು ಸುಳ್ಳು.

ಹೇಳಿಬಿಡಬಲ್ಲೆನೇ ಎಂಬ ನನ್ನ ಅಳತೆಗೋಲು ಇಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಮೊದಲು ಅಂದುಕೊಂಡಿದ್ದೆ. ‘ಇದು ಫೋಟೊದ ಫೋಟೊ’ ಎಂದು ಹೇಳಿದರೆ ಹಾಜರಿ ಬಿದ್ದುಹೋಗುತ್ತದೆ, ಆದ್ದರಿಂದ ಅದು ಮೋಸ. ಆದರೆ ಎರಡು ಸಂದರ್ಭ ಊಹಿಸಿಕೊಳ್ಳಿ. ಒಂದರಲ್ಲಿ ಯಾರೂ ಕೆಲಸಕ್ಕೆ ಬಂದಿಲ್ಲ, ಹೋದ ವಾರದ ಚಿತ್ರ ತೋರಿಸಿ ಕೂಲಿ ಹೊಡೆಯುತ್ತಾರೆ. ಇನ್ನೊಂದರಲ್ಲಿ ಇಪ್ಪತ್ತು ಜನ ಬೆಳಿಗ್ಗೆ ಆರಕ್ಕೇ ಬಂದು ಕೆರೆಯ ಹೂಳು ಎತ್ತಿದ್ದಾರೆ. ಆ್ಯಪ್ ತಿರುಗುತ್ತಲೇ ನಿಂತು ಕೊನೆಗೆ ಸತ್ತಿದೆ. ಜನ ಬಿಸಿಲೇರಿ ಮನೆಗೆ ಹೋಗಿದ್ದಾರೆ. ಕಾಯಕ ಬಂಧು ತನ್ನ ಗ್ಯಾಲರಿಯಲ್ಲಿರುವ ಬೆಳಗಿನ ಚಿತ್ರವನ್ನು ಇನ್ನೊಂದು ಫೋನಿಗೆ ತೋರಿಸಿ ಹಾಜರಿ ಉಳಿಸುತ್ತಾಳೆ. ದಾಖಲೆಯಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡನೆಯವಳೂ ತನ್ನ ಉಪಾಯವನ್ನು ಹೇಳಲಾರಳು. ನಾನಾದರೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಪ್ರಾಮಾಣಿಕನೆನಿಸಿಕೊಂಡೆ. ಅವಳ ಸಾಲು ಬರೆಯಲು ಖಾನೆ ಎಲ್ಲಿದೆ? ಬರೆದರೆ ಓದುವವರು ಯಾರು? ಓದಿದರೂ ಇಪ್ಪತ್ತು ಮನೆಯ ದಿನಗೂಲಿ ಉಳಿಯುತ್ತದೆಯೇ?

ಆದ್ದರಿಂದ ಅಳತೆಗೋಲಿಗೆ ಇನ್ನೊಂದು ತುದಿ ಬೇಕು. ಸಾಕ್ಷ್ಯ ಕೊಡುವವರಿಗೆ ಪ್ರಾಮಾಣಿಕತೆಯ ಹೊಣೆ ಇರುವಂತೆ, ಕೇಳುವವರಿಗೆ ಕಿವಿಗೊಡುವ ಹೊಣೆ ಇದೆ. ಯಂತ್ರ ಕೈಕೊಟ್ಟಾಗ ಹಾಗೆಂದು ಹೇಳಲು ದಾರಿ ಇಡದ ವ್ಯವಸ್ಥೆ, ಸುಳ್ಳನನ್ನೂ ಸತ್ಯವಂತನನ್ನೂ ಒಂದೇ ಉಪಾಯಕ್ಕೆ ತಳ್ಳುತ್ತದೆ. ಆಮೇಲೆ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಬರೆಯುತ್ತದೆ. ಮೊದಲನೆಯವರ ಕಳ್ಳತನವನ್ನು ಇದು ಸಣ್ಣದು ಮಾಡುವುದಿಲ್ಲ. ಆದರೆ ಇಬ್ಬರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಯಾರಾದರೂ ಕೆರೆಯವರೆಗೆ ನಡೆದುಹೋಗಿ ಎತ್ತಿದ ಹೂಳನ್ನು ನೋಡಬೇಕು, ಜನರನ್ನು ಕೇಳಬೇಕು. ಚಿತ್ರ ಬಂದಿದ್ದೇ ಆ ನಡಿಗೆಯನ್ನು ಉಳಿಸಲು. ಕೊನೆಗೆ ಚಿತ್ರಗಳನ್ನು ಪರೀಕ್ಷಿಸಲು ಮತ್ತೆ ಮನುಷ್ಯರನ್ನೇ ಕೂರಿಸಬೇಕಾಯಿತು.

* * *

ಇಲ್ಲಿಯವರೆಗೆ ಜಾಗ ಹೇಳುವುದು ಒಳ್ಳೆಯದು ಎಂದೇ ಹಿಡಿದು ಬಂದೆ. ಅದೂ ಅಷ್ಟು ಸರಳವಲ್ಲ ಎಂದು ತೋರಿಸಿದ್ದು ಪಾಮನಕಲ್ಲೂರು ಕಡೆಯ ಒಬ್ಬ ಕುರಿಗಾಹಿ ಅಜ್ಜ. ಕಲ್ಲಿನ ಮುಂದೆ ನಾನು ಕ್ಯಾಮೆರಾದ ಮೇಲಿನ ಪೆಟ್ಟಿಗೆಯೊಂದಿಗೆ ಗುದ್ದಾಡುತ್ತಿದ್ದಾಗ ಬಂದು ನಿಂತ.

“ಅದೇನ್ ಬರಕೊಂತೈತಿ ತಮ್ಮಾ?”

“ನಾವು ಎಲ್ಲಿ ನಿಂತೀವಿ ಅಂತ ಬರಕೊಂತೈತಿ ಯಜ್ಜಾ.”

“ಅದು ನನಗ ಗೊತ್ತೈತಲ್ಲ. ನನ್ನ ಕೇಳಬಾರದನು?” ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, “ನಾಳಿ ಯಾರರ ಕೇಳಿದ್ರ ಹೇಳ್ತೈತನು?” ಎಂದ.

“ಹೇಳ್ತೈತಿ.”

“ಯಾರ್ ಕೇಳಿದ್ರೂ?”

“ಯಾರ್ ಕೇಳಿದ್ರೂ.”

“ಹಂಗಾರ ಅದಕ್ಕ ಬುದ್ಧಿ ಇಲ್ಲ ಬಿಡು.”

ಅಜ್ಜ ಯಾರ ಬಗ್ಗೆ ಹೇಳುತ್ತಿದ್ದಾನೆಂದು ವಿವರಿಸಬೇಕಿರಲಿಲ್ಲ. ಉತ್ತರ ಕರ್ನಾಟಕದ ಹಾಳು ಗುಡಿಗಳನ್ನು ನೋಡಿದವರೆಲ್ಲ ಬಲ್ಲರು. ಲಿಂಗದ ಬುಡದಲ್ಲಿ ಗುಂಡಿ, ಪೀಠದಿಂದ ಕಿತ್ತು ಮಗುಚಿದ ನಂದಿ, ಪಕ್ಕದಲ್ಲಿ ನಿಂಬೆಹಣ್ಣು ಕುಂಕುಮ. ನಿಧಿ ಹುಡುಕುವವರಿಗೆ ಶಾಸನ ಓದಲು ಬರಬೇಕಿಲ್ಲ. ಹಳೆಯ ಕಲ್ಲು ಇರುವ, ಜನ ಓಡಾಡದ ಜಾಗ ಯಾವುದು ಎಂದು ತಿಳಿದರೆ ಸಾಕು. ನನ್ನ ಪ್ರಬಂಧದ ಅನುಬಂಧದಲ್ಲಿ ಇರುವುದು ಸರಿಯಾಗಿ ಅದೇ ಪಟ್ಟಿ.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕತೆ ಹೇಳುತ್ತಾನೆ. ಎಂದೂ ಸತ್ಯವನ್ನೇ ಹೇಳುತ್ತೇನೆಂಬುದು ಕೌಶಿಕನ ವ್ರತ. ದರೋಡೆಕೋರರಿಗೆ ಹೆದರಿ ಕೆಲವರು ಅವನ ಆಶ್ರಮದ ಹತ್ತಿರದ ಕಾಡಿನಲ್ಲಿ ಅಡಗಿಕೊಳ್ಳುತ್ತಾರೆ. ಬೆನ್ನಟ್ಟಿ ಬಂದವರು, ಅವರು ಯಾವ ಕಡೆ ಹೋದರು ಎಂದು ಕೇಳುತ್ತಾರೆ. ಕೌಶಿಕ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಅಡಗಿದವರು ಸಾಯುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಬಹಳ ಶತಮಾನಗಳ ನಂತರ, 1797ರಲ್ಲಿ, ಜರ್ಮನಿಯ ತತ್ವಜ್ಞಾನಿ ಕಾಂಟ್ ಇದೇ ಬಗೆಯ ಪ್ರಶ್ನೆಯನ್ನು ಎತ್ತಿಕೊಂಡು ತಿರುಗುಮುರುಗು ಉತ್ತರ ಕೊಟ್ಟ. ಮನೆಯಲ್ಲಿ ಅಡಗಿರುವ ಗೆಳೆಯನನ್ನು ಕೊಲ್ಲಲು ಬಂದವನಿಗೂ ಸುಳ್ಳು ಹೇಳುವ ಹಕ್ಕಿಲ್ಲ ಎಂದ. ಎರಡೂ ಕತೆಯಲ್ಲಿ ಕೇಳಿದ ಪ್ರಶ್ನೆ ಒಂದೇ ಎಂಬುದನ್ನು ಗಮನಿಸಿ. ಏನು, ಯಾಕೆ ಎಂದಲ್ಲ, ಎಲ್ಲಿ ಎಂದು. ಜಾಗವನ್ನು ಹೇಳುವುದು ಬರೀ ಮಾಹಿತಿ ಕೊಡುವುದಲ್ಲ, ಕೇಳಿದವನನ್ನು ಅಲ್ಲಿಗೆ ಕರೆದೊಯ್ಯುವುದು.

ಜಿಪಿಎಸ್ ಗುರುತು ಹೊತ್ತು ತಿರುಗುವ ಪ್ರತಿಯೊಂದು ಚಿತ್ರವೂ ಒಬ್ಬ ಕೌಶಿಕ. ಯಾರು ಕೇಳಿದರೂ ಹೇಳುತ್ತದೆ.

ಆದರೆ ಬಾಯಿ ಮುಚ್ಚಿಕೊಂಡಿರುವುದೂ ಕಲ್ಲನ್ನು ಉಳಿಸುವುದಿಲ್ಲ. ಬೀಡನ್ ತಾನು ಕಂಡದ್ದನ್ನು ತನ್ನಲ್ಲೇ ಇಟ್ಟುಕೊಂಡಿದ್ದರೆ ಮಸ್ಕಿಯ ಬಂಡೆಗೆ ಇಂದಿರುವ ರಕ್ಷಣೆ ಬರುತ್ತಿತ್ತೆನ್ನಲು ಬಾರದು. ಹೊಲ ಸಮ ಮಾಡುವ ಜೆಸಿಬಿಗೆ, ಗುಡ್ಡ ಒಡೆಯುವ ಕ್ವಾರಿಗೆ ಗುಟ್ಟಾಗಿರುವ ಕಲ್ಲು ಬರೀ ಕಲ್ಲು. ಅದು ಹೋದರೆ ಹೋಯಿತೆಂದು ಹೇಳಲೂ ಯಾರೂ ಇರುವುದಿಲ್ಲ. ದಾಖಲೆ ಇಲ್ಲದ್ದು ನಿಧಿಗಳ್ಳರಿಗಿಂತ ಹೆಚ್ಚಾಗಿ ಹೀಗೆ ಸದ್ದಿಲ್ಲದೆ ಹೋಗುತ್ತದೆ ಎಂದು ನನ್ನ ಅನಿಸಿಕೆ.

ಹಾಗಾಗಿ ಹೇಳಬೇಕೋ ಬೇಡವೋ ಎಂಬುದು ತಪ್ಪು ಪ್ರಶ್ನೆ. ಯಾರಿಗೆ ಹೇಳಬೇಕು ಎಂಬುದು ಸರಿಯಾದ ಪ್ರಶ್ನೆ. ನಮ್ಮ ಹಳೆಯ ಕಾನೂನಿಗೂ ಇದು ಹೊಳೆದಿತ್ತು. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕವರು ಅದರ ಬೆಲೆಯ ಜೊತೆ ಸಿಕ್ಕ ಜಾಗವನ್ನೂ ಕಲೆಕ್ಟರಿಗೆ ಬರೆದು ತಿಳಿಸಬೇಕು. ಜಾಗ ಹೇಳುವುದು ಕಡ್ಡಾಯ, ಆದರೆ ಸಂತೆಯಲ್ಲಿ ಕೂಗಿ ಹೇಳು ಎಂದು ಕಾಯ್ದೆ ಹೇಳಲಿಲ್ಲ.

* * *

ನನ್ನ ಮುಂದಿರುವ ಕೆಲಸ ಸಣ್ಣದು, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ಪ್ರಬಂಧ ಒಪ್ಪಿತವಾದ ಮೇಲೆ ಅದರ ಪ್ರತಿ ಶೋಧಗಂಗಾದಲ್ಲಿ ಸೇರುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ಎಲ್ಲರಿಗೂ ಸಿಗಬೇಕು ಎಂಬುದು ನ್ಯಾಯವೇ. ಅಕ್ಷಾಂಶ ರೇಖಾಂಶವನ್ನು ನಾಲ್ಕು ದಶಮಾಂಶ ಸ್ಥಾನದವರೆಗೆ ಕೊಟ್ಟರೆ ಓದುಗನನ್ನು ಕಲ್ಲಿನಿಂದ ಹನ್ನೊ೦ದು ಮೀಟರ್ ಒಳಗೆ ತಂದು ನಿಲ್ಲಿಸುತ್ತೇನೆ. ಎರಡು ಸ್ಥಾನಕ್ಕೆ ನಿಲ್ಲಿಸಿದರೆ ಒಂದು ಕಿಲೋಮೀಟರಿನ ಆಸುಪಾಸಿಗೆ.

ಎರಡಕ್ಕೆ ನಿಲ್ಲಿಸುವುದೆಂದು ತೀರ್ಮಾನಿಸಿದ್ದೇನೆ. ಕಾವಲು ಇಲ್ಲದ ಕಲ್ಲುಗಳಿಗೆ ಮಾತ್ರ. ಚಿತ್ರಗಳ ಗುಪ್ತ ಚೀಟಿಯಿಂದಲೂ ಜಾಗವನ್ನು ತೆಗೆದುಹಾಕಿ, ಹಾಗೆ ತೆಗೆದಿದ್ದೇನೆ, ಇಂಥ ಕಾರಣಕ್ಕೆ ತೆಗೆದಿದ್ದೇನೆ ಎಂದು ಅನುಬಂಧದ ಮೊದಲ ಪುಟದಲ್ಲೇ ಬರೆಯುತ್ತೇನೆ. ಅಮೆರಿಕ 2000ದ ಮೇ ತಿಂಗಳವರೆಗೆ ಸಾಮಾನ್ಯ ಜನರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ತೋರಿಸಿದ ಜಾಗ ನೂರು ಮೀಟರ್‌ವರೆಗೆ ತಪ್ಪಬಹುದಿತ್ತು. ಅದರ ಉದ್ದೇಶದ ಬಗ್ಗೆ ಏನೇ ಹೇಳಿ, ದೋಷ ಬೆರೆಸಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೇಳಿ ಮಸುಕು ಮಾಡುವುದಕ್ಕೂ ಹೇಳದೆ ತಪ್ಪು ಬಿಂದು ಕೊಡುವುದಕ್ಕೂ ಇರುವ ಅಂತರ ಅದು. ನಿಖರ ಪಟ್ಟಿಯ ಒಂದು ಪ್ರತಿ ರಾಜ್ಯದ ಪುರಾತತ್ವ ಇಲಾಖೆಗೆ, ಒಂದು ನನ್ನ ವಿಭಾಗಕ್ಕೆ, ಮತ್ತು ಆಯಾ ಊರಿನ ಪಂಚಾಯಿತಿಗೆ ಅವರ ಊರಿನ ಭಾಗ. ಮುಂದೆ ಈ ಕೆಲಸ ಮುಂದುವರಿಸುವವರು ಬಂದು ಕೇಳಬೇಕಾಗುತ್ತದೆ. ಕೇಳಿದಾಗ ಅವರು ಯಾರು, ಏಕೆ ಬಂದರು ಎಂದು ಮಾತು ಬೆಳೆಯುತ್ತದೆ. ಯಂತ್ರ ಕೇಳಲಾರದ ಪ್ರಶ್ನೆ ಅದೊಂದೇ.

ಈ ತೀರ್ಮಾನದಲ್ಲಿ ನನಗೆ ಪೂರ್ತಿ ನೆಮ್ಮದಿ ಇಲ್ಲ. ಕೀಲಿಕೈ ಹಿಡಿದವರೆಲ್ಲ ಮೊದಲು ಹೇಳುವ ಮಾತು ರಕ್ಷಣೆಗಾಗಿ ಎಂಬುದೇ. ಯಾವ ಗುರುತೂ ಇಲ್ಲದೆ, ಯಾವ ವಿಶ್ವವಿದ್ಯಾಲಯದ ಪತ್ರವೂ ಇಲ್ಲದೆ, ಬರೀ ಕುತೂಹಲದಿಂದ ಕೇಳುವ ಹುಡುಗಿಯೊಬ್ಬಳನ್ನು ಈ ಏರ್ಪಾಟು ಬಾಗಿಲಲ್ಲೇ ನಿಲ್ಲಿಸಬಹುದು. ಕಾಯಕ ಬಂಧುವಿನ ಮಾತಿಗೆ ಖಾನೆ ಇಡದ ವ್ಯವಸ್ಥೆಯ ಬಗ್ಗೆ ಮೇಲೆ ಬರೆದೆ. ಈಗ ನಾನೂ ಒಂದು ಸಣ್ಣ ವ್ಯವಸ್ಥೆ ಕಟ್ಟುತ್ತಿದ್ದೇನೆ. ಹಾಗಾಗಿ ಅನುಬಂಧದ ಆ ಮೊದಲ ಪುಟದಲ್ಲಿ ಕಾರಣದ ಕೆಳಗೆ ಇನ್ನೊಂದು ಸಾಲು ಸೇರಿಸುತ್ತಿದ್ದೇನೆ: ಯಾರು ಬೇಕಾದರೂ ಕೇಳಬಹುದು, ಪತ್ರ ಬೇಕಿಲ್ಲ, ಊರಿಗೆ ಬಂದು ಕೇಳಿದರೆ ಸಾಕು. ಕಲ್ಲು ಎಲ್ಲಿದೆ ಎಂಬುದು ಕಲ್ಲಿನ ಪಕ್ಕ ಬದುಕುವವರಿಗೆ ನನಗಿಂತ ಮೊದಲಿನಿಂದ ಗೊತ್ತು. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂಬುದೂ.